ಕಾರಿನ ಸದ್ದು: ಯಾವುದಕ್ಕೆ ಈಗಲೇ ನಿಲ್ಲಿಸಬೇಕು, ಯಾವುದು ನಾಳೆವರೆಗೆ ಕಾಯುತ್ತದೆ

"ಕಾರಲ್ಲಿ ಏನೋ ಸದ್ದು ಬರ್ತಿದೆ ಅಣ್ಣಾ" ಅಂತ ಗ್ಯಾರೇಜಿಗೆ ಹೋದರೆ ಒಳ್ಳೆಯ ಮೆಕ್ಯಾನಿಕ್ ಮೊದಲು ಕೇಳುವುದು "ಯಾವಾಗ ಬರುತ್ತೆ ಸಾರ್?" ಅಂತ. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಒಂದೇ "ಟಕ್ ಟಕ್" ಸದ್ದು ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಬಂದರೆ ಆಕ್ಸಲ್, ಅಂದರೆ ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ದಂಡ. ಹಂಪ್ ಹತ್ತಿಳಿಯುವಾಗ ಬಂದರೆ ಸಸ್ಪೆನ್ಷನ್ನಿನ ಲಿಂಕ್ ರಾಡ್ (ಸಣ್ಣ ಸರಳು) ಅಥವಾ ಬುಷ್ (ಕೀಲಿನ ರಬ್ಬರ್). ನಿಂತ ಕಾರಿನಲ್ಲಿ ಬಂದರೆ ಎಂಜಿನ್. ಟೈರ್ ಬದಲಾಯಿಸಿದ ಮರುದಿನ ಬಂದರೆ ಚಕ್ರದ ನಟ್ಟು ಸಡಿಲ. ಸದ್ದು ಅದೇ, ಅಪಾಯ ಮಾತ್ರ ಬೇರೆ ಬೇರೆ.

ಅದಕ್ಕೇ ಇಲ್ಲಿ ಎಲ್ಲವನ್ನೂ ಸದ್ದು ಬರುವ ಹೊತ್ತಿನ ಪ್ರಕಾರ ಜೋಡಿಸಿದ್ದೇನೆ. ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಚಕ್ರ, ಬ್ರೇಕ್, ಸಸ್ಪೆನ್ಷನ್ ಬಗ್ಗೆ ಹೇಳಿರುವುದು ಎಲೆಕ್ಟ್ರಿಕ್ ಕಾರಿಗೂ ಸಲ್ಲುತ್ತದೆ.

## ಇವು ಕಂಡರೆ ಮುಂದೆ ಓದಬೇಡಿ, ಮೊದಲು ಗಾಡಿ ನಿಲ್ಲಿಸಿ

ಎಂಜಿನ್‌ನಿಂದ ಜೋರಾದ ಬಡಿತ, ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಡಬ್ಬಿ ಚಿತ್ರದ ಕೆಂಪು ದೀಪ: ಎಡಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಮನೆ ಇನ್ನೊಂದೇ ಕಿಲೋಮೀಟರ್ ಇದ್ದರೂ ಸರಿ, ಓಡಿಸಬೇಡಿ.

ಬಾನೆಟ್ ಕಡೆಯಿಂದ ಬುಸ್ ಅನ್ನುವ ಸದ್ದು, ಹಬೆ, ಏರುತ್ತಿರುವ ಟೆಂಪರೇಚರ್ ಮುಳ್ಳು: ನಿಲ್ಲಿಸಿ, ಆಫ್ ಮಾಡಿ, ಯಾವ ಮುಚ್ಚಳವನ್ನೂ ತೆಗೆಯಬೇಡಿ.

ಬ್ರೇಕ್ ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಗರಗರ, ಅಥವಾ ಪೆಡಲ್ ಮೊದಲಿಗಿಂತ ಕೆಳಗೆ ಹೋಗುವುದು, ಕಾರು ಒಂದು ಬದಿಗೆ ಎಳೆಯುವುದು: ನಿಧಾನವಾಗಿ ಗೇರ್ ಇಳಿಸಿ ನಿಲ್ಲಿಸಿ, ಟೋಯಿಂಗ್ ಕರೆಸಿ.

ಚಕ್ರದ ಕಡೆಯಿಂದ ದಡ್ ದಡ್, ಸ್ಟೇರಿಂಗ್ ಅಲುಗಾಟ: ನಟ್ಟು ಸಡಿಲವಾಗಿರಬಹುದು, ಟೈರ್ ಉಬ್ಬಿರಬಹುದು. ಎರಡೂ ಜೀವಕ್ಕೆ ಕುತ್ತು.

ನಿಲ್ಲಿಸುವಾಗ ಹಜಾರ್ಡ್ ದೀಪ ಹಾಕಿ. ಹೆದ್ದಾರಿಯಾದರೆ ಎಲ್ಲರನ್ನೂ ಕಾರಿನಿಂದ ಇಳಿಸಿ ತಡೆಬೇಲಿಯ ಆಚೆ ನಿಲ್ಲಿಸಿ. ಕೆಂಪು ತ್ರಿಕೋನವನ್ನು ಕಾರಿನ ಹಿಂದೆ ಸಾಕಷ್ಟು ದೂರದಲ್ಲಿಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033ಕ್ಕೆ ಫೋನ್ ಮಾಡಬಹುದು. ಬೇರೆ ಯಾವುದೇ ತುರ್ತಿಗೆ 112.

## ಕೈಗೆ ಮಸಿ ಆಗದ ಪರೀಕ್ಷೆ

ಪಾನಾ ಹಿಡಿಯುವ ಮುಂಚೆ ಇಷ್ಟು ಮಾಡಿ. ರೇಡಿಯೋ, ಎಸಿ, ಬ್ಲೋಯರ್ ಎಲ್ಲ ಬಂದ್ ಮಾಡಿ. ಡಿಕ್ಕಿ, ಡ್ಯಾಶ್‌ಬೋರ್ಡ್ ಡಬ್ಬಿ, ಬಾಗಿಲಿನ ಸಂದು, ಸೀಟಿನ ಅಡಿ ಖಾಲಿ ಮಾಡಿ. ಲೊಡಲೊಡ ಅನ್ನುವ ಎಷ್ಟೋ ಸದ್ದು ಸರಿಯಾಗಿ ಕೂರದ ಜಾಕ್, ಸ್ಟೆಪ್ನಿ ಬೋಲ್ಟ್, ಉರುಳಾಡುವ ನೀರಿನ ಬಾಟಲಿಗಳದ್ದು. ಡ್ರೈವರ್ ಸೀಟಿನ ಅಡಿ ಬಾಟಲಿ ಉರುಳಾಡುತ್ತಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಬ್ರೇಕ್ ಪೆಡಲ್ ಅಡಿಗೆ ಹೋಗಿ ಕೂತರೆ ಪೆಡಲ್ ಒತ್ತಲಿಕ್ಕೇ ಆಗುವುದಿಲ್ಲ.

ಆಮೇಲೆ ಕಾರು ನಿಂತಲ್ಲೇ ಎಂಜಿನ್ ಚಾಲೂ ಇಟ್ಟು ಕೇಳಿ. ಆಕ್ಸಿಲೇಟರ್ ಸ್ವಲ್ಪ ಒತ್ತಿ. ಸದ್ದು ಎಂಜಿನ್ ಜೊತೆ ಏರಿಳಿಯುತ್ತಿದ್ದರೆ ಮೂಲ ಬಾನೆಟ್ ಅಡಿಯಲ್ಲಿ ಅಥವಾ ಸೈಲೆನ್ಸರ್‌ನಲ್ಲಿ. ನಿಂತಾಗ ಏನೂ ಇಲ್ಲ, ಓಡುವಾಗ ಮಾತ್ರ ಇದೆ ಅಂದರೆ ಚಕ್ರ, ಬ್ರೇಕ್, ಬೇರಿಂಗ್, ಆಕ್ಸಲ್, ಸಸ್ಪೆನ್ಷನ್ ಕಡೆ ನೋಡಬೇಕು. ಇನ್ನೂ ಅನುಮಾನವೇ? ಸಮತಟ್ಟಾದ ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಒಂದು ಕ್ಷಣ ನ್ಯೂಟ್ರಲ್ ಮಾಡಿ. ಎಂಜಿನ್ ವೇಗ ಇಳಿಯುತ್ತದೆ, ಕಾರು ಅದೇ ವೇಗದಲ್ಲಿ ಸಾಗುತ್ತದೆ. ಆಗಲೂ ಸದ್ದು ಹಾಗೇ ಇದ್ದರೆ ಅದು ಚಕ್ರದ ಕಡೆಯದ್ದು.

ಈ ಪರೀಕ್ಷೆಯಲ್ಲಿ ಕೀ ಮಾತ್ರ ಆಫ್ ಮಾಡಬೇಡಿ. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ಸಹಾಯ ಒಂದೆರಡು ಸಲ ಒತ್ತುವುದರಲ್ಲಿ ಮುಗಿಯುತ್ತದೆ, ಪವರ್ ಸ್ಟೇರಿಂಗ್ ಗಟ್ಟಿಯಾಗುತ್ತದೆ. ಕೀ ಹೊರಗೆ ಬಂದರೆ ಸ್ಟೇರಿಂಗ್ ಲಾಕ್ ಕೂಡ ಆಗಬಹುದು.

## ಬ್ರೇಕ್ ಒತ್ತಿದಾಗ ಕಿರ್ರ್ ಅಥವಾ ಗರಗರ

ರಾತ್ರಿ ಮಳೆ ಬಂದು ಬೆಳಿಗ್ಗೆ ಕಾರು ತೆಗೆದಾಗ ಮೊದಲ ಎರಡು ಮೂರು ಬ್ರೇಕಿಗೆ ಉಜ್ಜುವ ಸದ್ದು ಬಂದು ಹೋಗುತ್ತದೆ. ಡಿಸ್ಕ್ ಮೇಲೆ, ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ಬಿಲ್ಲೆಯ ಮೇಲೆ, ಕೂತ ತೆಳು ತುಕ್ಕು ಅದು. ಬ್ರೇಕ್ ಒತ್ತಿದಾಗ ಡಿಸ್ಕನ್ನು ಹಿಡಿಯುವ ಪ್ಯಾಡ್ ಅದನ್ನು ಉಜ್ಜಿ ತೆಗೆದರೆ ಮುಗಿಯಿತು, ಚಿಂತೆ ಬೇಡ.

ಬ್ರೇಕ್ ಒತ್ತದಿದ್ದರೂ ಒಂದೇ ಸಮ ತಗಡು ಕೆರೆಯುವ ಸದ್ದು ಬಂದರೆ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಸಣ್ಣ ಕಲ್ಲು ಸಿಕ್ಕಿರಬಹುದು. ಮಣ್ಣು ರಸ್ತೆ, ಜಲ್ಲಿ ಹಾಕಿದ ಕಾಮಗಾರಿ ರಸ್ತೆ ದಾಟಿದ ಮೇಲೆ ಇದು ಸಾಮಾನ್ಯ. ಖಾಲಿ ಜಾಗದಲ್ಲಿ ಸ್ವಲ್ಪ ಹಿಂದೆ ಮುಂದೆ ಓಡಿಸಿದರೆ ಎಷ್ಟೋ ಸಲ ಕಲ್ಲು ಉದುರಿಹೋಗುತ್ತದೆ. ಹೋಗದಿದ್ದರೆ ಚಕ್ರ ಬಿಚ್ಚಿ ತೆಗೆಯಬೇಕು, ಹತ್ತು ನಿಮಿಷದ ಕೆಲಸ.

ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಸಣ್ಣದಾಗಿ, ಕಿವಿಗೆ ಚುಚ್ಚುವ ಹಾಗೆ ಕಿರ್ರ್ ಅಂದರೆ ಅದು ಎಚ್ಚರಿಕೆ. ಅನೇಕ ಪ್ಯಾಡ್‌ಗಳಲ್ಲಿ ಒಂದು ಚಿಕ್ಕ ಲೋಹದ ಪಟ್ಟಿ ಇರುತ್ತದೆ. ಪ್ಯಾಡ್ ಸವೆದು 2–3 ಮಿಲಿಮೀಟರ್‌ಗೆ ಬಂದಾಗ ಅದು ಡಿಸ್ಕಿಗೆ ತಾಗಿ ಕೂಗಲಿ ಅಂತಲೇ ಇಟ್ಟಿರುವುದು. ಆ ವಾರದಲ್ಲೇ ಪ್ಯಾಡ್ ಹಾಕಿಸಿ.

ಇದನ್ನು ನೀವೇ ನೋಡಬಹುದು. ಕಾರು ತಣ್ಣಗಿರುವಾಗ ಸ್ಟೇರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ ನಿಲ್ಲಿಸಿ. ಮೊಬೈಲ್ ಟಾರ್ಚ್ ಹಿಡಿದು ಅಲಾಯ್ ವೀಲ್ ಕಡ್ಡಿಗಳ ನಡುವೆ, ಇಲ್ಲದಿದ್ದರೆ ಚಕ್ರದ ಹಿಂಬದಿಯಿಂದ ಇಣುಕಿ. ಹೊಳೆಯುವ ಡಿಸ್ಕ್ ಕಾಣುತ್ತದೆ, ಅದನ್ನು ತಬ್ಬಿಕೊಂಡಂತೆ ಕ್ಯಾಲಿಪರ್. ಡಿಸ್ಕಿಗೆ ಒತ್ತಿಕೊಂಡಿರುವ ಕಪ್ಪು ಪದರವೇ ಪ್ಯಾಡ್, ಅದರ ಬೆನ್ನಿಗೆ ಕಬ್ಬಿಣದ ತಟ್ಟೆ. ಹೊಸದಾಗಿದ್ದಾಗ ಕಪ್ಪು ಪದರ ಸುಮಾರು 10 ಮಿಲಿಮೀಟರ್ ಇರುತ್ತದೆ. ಈಗ ಅದು ಹಿಂದಿನ ತಟ್ಟೆಗಿಂತಲೂ ತೆಳ್ಳಗೆ ಕಂಡರೆ ಬದಲಿಸುವ ಹೊತ್ತು ಬಂದಿದೆ. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಬೇಗ ಸವೆಯುವುದೂ ಉಂಟು. ಹೊರಗಿನದು ಚೆನ್ನಾಗಿ ಕಂಡಿತು ಅಂತ ಪೂರ್ತಿ ನಿಶ್ಚಿಂತೆ ಬೇಡ. ಬಾನೆಟ್ ಅಡಿ ಬ್ರೇಕ್ ಆಯಿಲ್ ಡಬ್ಬಿಯನ್ನೂ ನೋಡಿ. ಪ್ಯಾಡ್ ಸವೆದಷ್ಟೂ ಮಟ್ಟ ನಿಧಾನವಾಗಿ ಇಳಿಯುತ್ತದೆ. ದಿಢೀರ್ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಕಾರು ತೆಗೆಯಬೇಡಿ.

ಕಿರ್ರ್ ಅನ್ನುವುದು ನಿಂತು ಗರಗರ ಶುರುವಾದರೆ ಪ್ಯಾಡ್ ಪೂರ್ತಿ ಮುಗಿದು ಕಬ್ಬಿಣದ ತಟ್ಟೆಯೇ ಡಿಸ್ಕನ್ನು ತಿನ್ನುತ್ತಿದೆ. ಡಿಸ್ಕ್ ಮೇಲೆ ಬೆರಳ ಉಗುರಿಗೆ ಸಿಗುವಷ್ಟು ಆಳದ ಗೆರೆ ಬೀಳುತ್ತದೆ. ಪ್ಯಾಡ್‌ಗೆ ಮುಗಿಯುತ್ತಿದ್ದ ಖರ್ಚು ಡಿಸ್ಕಿಗೂ ಬೀಳುತ್ತದೆ. ಖರ್ಚಿಗಿಂತ ಮುಖ್ಯವಾಗಿ, ಕಾರು ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ.

ಕಿರ್ರ್ ಅನ್ನುತ್ತದೆ ಅಂತ ಬ್ರೇಕಿಗೆ ಎಣ್ಣೆ, ಗ್ರೀಸ್, ಸ್ಪ್ರೇ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಹಾಕಬೇಡಿ. ಸದ್ದು ನಿಲ್ಲುತ್ತದೆ, ಬ್ರೇಕೂ ನಿಲ್ಲುತ್ತದೆ.

ಘಾಟಿ ಇಳಿಯುವವರಿಗೆ ಒಂದು ಮಾತು. ಆಗುಂಬೆಯ 14 ತಿರುವುಗಳಿರಲಿ, ಚಾರ್ಮಾಡಿ ಇರಲಿ, ಶಿರಾಡಿ ಇರಲಿ, ಬ್ರೇಕ್ ಮೇಲೆಯೇ ಕಾಲಿಟ್ಟು ಇಳಿದರೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಇಲ್ಲಿ ಸದ್ದು ಎಚ್ಚರಿಸುವುದಿಲ್ಲ, ಮೂಗೇ ಎಚ್ಚರಿಸಬೇಕು. ವಾಸನೆ ಬಂದ ಕೂಡಲೇ ಅಗಲವಾದ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಬಿಸಿ ಡಿಸ್ಕಿಗೆ ನೀರು ಸುರಿಯಬೇಡಿ. ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರ್. ನ್ಯೂಟ್ರಲ್ ಮಾಡಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ ಅನ್ನುವುದು ಈಗಿನ ಕಾರುಗಳಿಗೆ ಸುಳ್ಳು. ಗೇರಿನಲ್ಲಿದ್ದು ಆಕ್ಸಿಲೇಟರ್ ಬಿಟ್ಟರೆ ಇಂಜೆಕ್ಟರ್ ಇಂಧನವನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಿರುಗುವುದಕ್ಕೆ ಇಂಧನ ಬೇಕೇ ಬೇಕು.

## ವೇಗ ಏರಿದಂತೆ ಏರುವ ಗುಂಯ್

40 ದಾಟಿದಾಗ ಶುರುವಾಗಿ 80ಕ್ಕೆ ಮಾತೇ ಕೇಳಿಸದಷ್ಟು ಏರುವ ಗುಂಯ್ ಸದ್ದಿಗೆ ಇಬ್ಬರೇ ಆರೋಪಿಗಳು: ಟೈರ್ ಮತ್ತು ವೀಲ್ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಅದರ ನಡುವೆ ಇರುವ ಗುಂಡುಗಳ ಬಳೆ).

ಟೈರಿನ ಸದ್ದು ರಸ್ತೆ ಬದಲಾದರೆ ಬದಲಾಗುತ್ತದೆ. ಕಾಂಕ್ರೀಟ್ ರಸ್ತೆಯಿಂದ ನಯವಾದ ಡಾಂಬರಿಗೆ ಇಳಿದ ಕೂಡಲೇ ಸದ್ದು ಕುಗ್ಗಿದರೆ ಟೈರ್ ಅಂತ ತಿಳಿಯಿರಿ. ಅಂಗೈಯನ್ನು ಟೈರಿನ ಮೈಮೇಲೆ ಮುಂದಕ್ಕೂ ಹಿಂದಕ್ಕೂ ಸವರಿ. ಒಂದು ಕಡೆ ನಯ, ಇನ್ನೊಂದು ಕಡೆ ಗರಗಸದ ಹಲ್ಲು ಸಿಕ್ಕಂತಾದರೆ ಟೈರ್ ಓರೆಯಾಗಿ ಸವೆದಿದೆ. ಸವರುವಾಗ ಎಚ್ಚರ, ಒಳಗಿನ ತಂತಿ ಎದ್ದಿದ್ದರೆ ಕೈ ಕುಯ್ಯುತ್ತದೆ. ಗಾಳಿ, ಅಲೈನ್‌ಮೆಂಟ್ ಸರಿಮಾಡಿಸಿ.

ಬೇರಿಂಗ್ ಸದ್ದಿಗೆ ರಸ್ತೆಯ ಪರಿವೆ ಇಲ್ಲ. ಅದು ಕಾರು ವಾಲುವ ಬದಿಗೆ ಬದಲಾಗುತ್ತದೆ. ಉದ್ದನೆಯ ತಿರುವಿನಲ್ಲಿ ಬಲಕ್ಕೆ ಹೊರಳಿದಾಗ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಎಡಬದಿಯ ಬೇರಿಂಗ್ ಮೇಲೆ ಅನುಮಾನ. ಎಡಕ್ಕೆ ಹೊರಳಿದಾಗ ಜಾಸ್ತಿಯಾದರೆ ಬಲಬದಿ. ಇದು ನೂರಕ್ಕೆ ನೂರು ಹೇಳುವ ಪರೀಕ್ಷೆಯಲ್ಲ, ಆದರೂ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಗೊತ್ತಾಗುತ್ತದೆ.

ಖಚಿತ ಮಾಡಿಕೊಳ್ಳಲು ಚಕ್ರ ಎತ್ತಬೇಕು. ಸಮ ನೆಲ, ಹ್ಯಾಂಡ್‌ಬ್ರೇಕ್, ಮೊದಲ ಗೇರ್, ಎದುರು ಬದಿಯ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು. ಚಕ್ರದ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಅಲ್ಲಾಡಿಸಿ. ಲೊಡ್ ಅಂತ ಆಡಿದರೆ ಬೇರಿಂಗ್ ಇಲ್ಲವೇ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಗುಂಡು ಕೀಲು). ಎಡ ತುದಿ, ಬಲ ತುದಿ ಹಿಡಿದಾಗ ಆಡಿದರೆ ಸ್ಟೇರಿಂಗ್ ರಾಡಿನ ತುದಿ. ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ತಲೆಯನ್ನಾಗಲಿ ಕೈಯನ್ನಾಗಲಿ ಹಾಕಬೇಡಿ. ಕಾರಿನ ಜೊತೆ ಬರುವ ಜಾಕ್ ಟೈರ್ ಬದಲಿಸುವುದಕ್ಕಷ್ಟೇ.

ಬೇರಿಂಗ್ ಸಣ್ಣಗೆ ಗುಂಯ್ ಅನ್ನುತ್ತಿದ್ದರೆ ಒಂದೆರಡು ದಿನದಲ್ಲಿ ಗ್ಯಾರೇಜ್ ತಲುಪುವಷ್ಟು ಸಮಯ ಇರುತ್ತದೆ, ದೂರದ ಪ್ರಯಾಣ ಬೇಡ. ಗರಗರ ಶುರುವಾಗಿದ್ದರೆ, ಚಕ್ರ ಆಡುತ್ತಿದ್ದರೆ ಅಥವಾ ಆ ಚಕ್ರ ಮಾತ್ರ ಉಳಿದವಕ್ಕಿಂತ ತುಂಬಾ ಬಿಸಿಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಹಿಂದಿನ ಚಕ್ರ ಮಾತ್ರ ಬಿಸಿ ಇದ್ದರೆ ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ.

## ಟೈರ್ ಬದಲಿಸಿದ ಮೇಲೆ ಬಂದ ಟಕ್ ಟಕ್

ಪಂಕ್ಚರ್ ಹಾಕಿಸಿದ, ಅಲೈನ್‌ಮೆಂಟ್ ಮಾಡಿಸಿದ, ಸ್ಟೆಪ್ನಿ ಹಾಕಿದ ಒಂದೆರಡು ದಿನಗಳಲ್ಲಿ ಬರುವ ಹೊಸ ಸದ್ದಿಗೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನಟ್ಟು. ವೇಗದ ಜೊತೆ ಹೆಚ್ಚುವ ಟಕ್ ಟಕ್, ಸಣ್ಣಗೆ ಅಲುಗುವ ಸ್ಟೇರಿಂಗ್ ಇದರ ಗುರುತು. ನಿಲ್ಲಿಸಿ, ಡಿಕ್ಕಿಯಿಂದ ವೀಲ್ ಪಾನಾ ತೆಗೆದು, ಒಂದಕ್ಕೆ ಎದುರಿನ ಒಂದರಂತೆ ಬಿಗಿ ಮಾಡಿ. ಪಾನಾ ಮೇಲೆ ಹತ್ತಿ ನಿಲ್ಲುವುದು ಬೇಡ, ಕೈಬಲ ಸಾಕು. ರಿಮ್ಮಿನಲ್ಲಿ ನಟ್ಟು ಕೂರುವ ತೂತು ಕಿತ್ತು ಅಗಲವಾಗಿದ್ದರೆ, ಬೋಲ್ಟಿನ ಮರೆ ತಿಂದುಹೋಗಿದ್ದರೆ ಆ ಚಕ್ರದ ಮೇಲೆ ಓಡಿಸಬೇಡಿ. ಚಕ್ರ ಬಿಚ್ಚಿ ಹಾಕಿದ ಮೇಲೆ 50–100 ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬಿಗಿ ನೋಡುವ ಅಭ್ಯಾಸ ಪ್ರತಿ ಮನೆಯಲ್ಲೂ ಇರಬೇಕು. ನಯಾಪೈಸೆ ಖರ್ಚಿಲ್ಲ.

ನಟ್ಟು ಸರಿ ಇದ್ದರೆ ಟೈರಿನ ಸುತ್ತ ಕಣ್ಣಾಡಿಸಿ. ಗೀರಿನಲ್ಲಿ ಸಿಕ್ಕ ಜಲ್ಲಿಕಲ್ಲು ಟಿಕ್ ಟಿಕ್ ಅನ್ನುತ್ತದೆ, ಸ್ಕ್ರೂಡ್ರೈವರ್‌ನಲ್ಲಿ ಎಬ್ಬಿಸಿ ತೆಗೆಯಿರಿ. ಮೊಳೆ ಹೊಕ್ಕಿದ್ದರೆ ಅಲ್ಲೇ ಕೀಳಬೇಡಿ. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆಯೇ ಬಿರಡೆಯಾಗಿ ಗಾಳಿ ಹಿಡಿದಿರುತ್ತದೆ. ಗಾಳಿ ನೋಡಿಕೊಂಡು ನಿಧಾನವಾಗಿ ಪಂಕ್ಚರ್ ಅಂಗಡಿ ಸೇರಿ. ಪಕ್ಕದ ಗೋಡೆಯಲ್ಲಿ ಉಬ್ಬು ಕಂಡರೆ ಒಳಗಿನ ನೂಲು ಕಡಿದಿದೆ ಅಂತ ಅರ್ಥ. ಅದನ್ನು ಯಾರೂ ಪ್ಯಾಚ್ ಹಾಕಿ ಸರಿಮಾಡಲಾರರು. ಸ್ಟೆಪ್ನಿ ಹಾಕಿಕೊಂಡೇ ಹೊರಡಿ.

## ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ

ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ಒಂದು ಬದಿಗೆ ತಿರುಗಿಸಿ, ಮೊದಲ ಗೇರಿನಲ್ಲಿ ನಿಧಾನವಾಗಿ ಸುತ್ತು ಹಾಕಿ. ಟಕ ಟಕ ಟಕ ಅಂತ ಲಯವಾಗಿ ಬಂದರೆ ಹೊರಗಿನ ಸಿ.ವಿ. ಜಾಯಿಂಟ್, ಅಂದರೆ ಆಕ್ಸಲ್ಲಿನ ಚಕ್ರದ ಕಡೆಯ ಕೀಲು, ಸವೆದಿದೆ. ಗ್ಯಾರೇಜಿನ ಮಾತಿನಲ್ಲಿ "ಆಕ್ಸಲ್ ಸದ್ದು".

ಈ ಜಾಯಿಂಟ್ ತಾನಾಗಿ ಸಾಯುವುದು ಕಡಿಮೆ. ಅದರ ಮೇಲಿನ ಮಡಿಕೆ ಮಡಿಕೆಯ ರಬ್ಬರ್ ಬೂಟ್ ಹರಿದು, ಗ್ರೀಸ್ ಹೊರಗೆ ಹೋಗಿ, ನೀರು ಮಣ್ಣು ಒಳಗೆ ಬಂದು ಸಾಯುತ್ತದೆ. ಆದ್ದರಿಂದ ಸದ್ದು ಬರುವ ಎಷ್ಟೋ ಮೊದಲೇ ಕಣ್ಣಿಗೆ ಗುರುತು ಸಿಗುತ್ತದೆ. ಮುಂದಿನ ಚಕ್ರದ ಒಳಬದಿಗೆ ಟಾರ್ಚ್ ಹಿಡಿಯಿರಿ. ರಿಮ್ಮಿನ ಒಳಮೈ ಮೇಲೆ, ಶಾಕ್ ಅಬ್ಸಾರ್ಬರ್ ಮೇಲೆ ಒಂದೇ ಸಾಲಿನಲ್ಲಿ ಕಪ್ಪು ಗ್ರೀಸ್ ಎರಚಿದ ಹಾಗಿದ್ದರೆ, ಅದರ ಮೇಲೆ ಧೂಳು ಮೆತ್ತಿದ್ದರೆ ಬೂಟ್ ಹರಿದಿದೆ. ಇನ್ನೂ ಸದ್ದು ಇಲ್ಲದಿದ್ದರೆ ಬೂಟ್ ಮತ್ತು ಗ್ರೀಸ್ ಬದಲಿಸಿದರೆ ಸಾಕು. ಸದ್ದು ಶುರುವಾಗಿದ್ದರೆ ಜಾಯಿಂಟೇ ಹೋಗಬೇಕು. ಟಕಟಕ ನೇರ ರಸ್ತೆಯಲ್ಲೂ ಬರತೊಡಗಿದರೆ ಮುಂದೂಡಬೇಡಿ. ಜಾಯಿಂಟ್ ಮುರಿದರೆ ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ, ನಡುರಸ್ತೆಯಲ್ಲಿ ನಿಲ್ಲುತ್ತೀರಿ.

ನಿಂತಲ್ಲೇ ಸ್ಟೇರಿಂಗ್ ತಿರುಗಿಸುವಾಗ ಒಂದೇ ಸಲ ಟಂಗ್ ಅಂದರೆ ಶಾಕ್ ಅಬ್ಸಾರ್ಬರ್ ಮೇಲಿನ ಮೌಂಟಿನ ಬೇರಿಂಗ್ ಕಡೆ ನೋಡಿಸಿ.

## ಹಂಪ್, ಗುಂಡಿ, ಕೆಟ್ಟ ರಸ್ತೆ

ನಿಧಾನವಾಗಿ ಹೋಗುವಾಗ ಸಣ್ಣ ಸಣ್ಣ ಗುಂಡಿಗೆ ಕಟಕಟ ಅಂದರೆ ಹೆಚ್ಚಿನ ಸಲ ಲಿಂಕ್ ರಾಡ್. ಕಡಿಮೆ ಖರ್ಚಿನ ಭಾಗ, ತಕ್ಷಣದ ಅಪಾಯ ಇಲ್ಲ, ತಿಂಗಳುಗಟ್ಟಲೆ ಬಿಡಬೇಡಿ ಅಷ್ಟೇ. ಹಂಪ್ ಇಳಿದ ಕೂಡಲೇ ದಡ್ ಅಂದರೆ ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು) ಬುಷ್ ಅಥವಾ ಶಾಕ್ ಅಬ್ಸಾರ್ಬರ್. ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಒಸರಿದ್ದರೆ ಅದು ಮುಗಿದಂತೆ. ಕಿರಕಿರ ಅಂತ ಹಳೆಯ ಬಾಗಿಲಿನ ಸದ್ದು ಬಂದರೆ ಒಣಗಿದ ರಬ್ಬರ್ ಬುಷ್.

ಈ ಪಟ್ಟಿಯಲ್ಲಿ ಹೆದರಬೇಕಾದದ್ದು ಬಾಲ್ ಜಾಯಿಂಟಿಗೆ. ಹಂಪ್ ಮೇಲೂ ತಿರುವಿನಲ್ಲೂ ಕಟ್ ಅನ್ನುವ ಸದ್ದು, ಜೊತೆಗೆ ಕಾರು ಹಿಡಿತ ತಪ್ಪಿ ಆ ಕಡೆ ಈ ಕಡೆ ಹೋಗುವುದು ಅದರ ಲಕ್ಷಣ. ಅದು ಬಿಟ್ಟುಕೊಂಡರೆ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತದೆ, ಆಮೇಲೆ ಸ್ಟೇರಿಂಗ್ ಕೈಯಲ್ಲಿದ್ದರೂ ಕಾರು ಕೈಯಲ್ಲಿರುವುದಿಲ್ಲ. ಗುಂಡಿಗಳೇ ತುಂಬಿದ ದಾರಿಯಲ್ಲಿ ದಿನಾ ಓಡಾಡುವವರು ಪ್ರತಿ ಸರ್ವಿಸ್‌ನಲ್ಲೂ ಇದನ್ನು ಹೆಸರು ಹೇಳಿ ನೋಡಿಸಿ.

## ಸ್ಟಾರ್ಟ್ ಮಾಡಿದ ಕೂಡಲೇ ಕೀಂಯ್

ತಂಪಾದ ಬೆಳಿಗ್ಗೆ, ಎಸಿ ಹಾಕಿದಾಗ ಅಥವಾ ಹೆಡ್‌ಲೈಟ್ ಹಾಕಿದಾಗ ಕೀಂಯ್ ಅಂತ ಕಿರುಚಿದರೆ ಡೈನಮೋ, ಎಸಿ ತಿರುಗಿಸುವ ಎಂಜಿನ್ ಬದಿಯ ರಬ್ಬರ್ ಬೆಲ್ಟ್ ಜಾರುತ್ತಿದೆ. ಸಡಿಲವಾಗಿರಬಹುದು, ಹಳೆಯದಾಗಿ ಬಿರುಕು ಬಿಟ್ಟಿರಬಹುದು, ಎಣ್ಣೆ ಬಿದ್ದಿರಬಹುದು. ಎಂಜಿನ್ ಆಫ್ ಮಾಡಿ, ಕೀ ತೆಗೆದು, ಬೆಲ್ಟಿನ ಒಳಮೈ ನೋಡಿ. ಅಡ್ಡ ಬಿರುಕು, ಕಿತ್ತ ನಾರು, ಗಾಜಿನಂಥ ಹೊಳಪು ಇದ್ದರೆ ಬದಲಿಸಿ.

ಕೀಂಯ್ ಬದಲು ಗೊರಗೊರ ಇದ್ದರೆ ಬೆಲ್ಟ್ ತಿರುಗಿಸುವ ಯಾವುದೋ ಬೇರಿಂಗ್: ಡೈನಮೋ, ಎಸಿ ಕಂಪ್ರೆಸರ್, ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿಡುವ ಗಾಲಿ) ಅಥವಾ ವಾಟರ್ ಪಂಪ್. ವಾಟರ್ ಪಂಪ್ ಅಡಿಯಲ್ಲಿ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಒಣಗಿದ ಬಣ್ಣದ ಕಲೆ ಇದೆಯಾ ನೋಡಿ. ಬೆಲ್ಟ್ ತುಂಡಾದರೆ ಬ್ಯಾಟರಿ ದೀಪ ಹತ್ತುತ್ತದೆ. ಅನೇಕ ಎಂಜಿನ್‌ಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುವುದರಿಂದ ಕೆಲವೇ ನಿಮಿಷದಲ್ಲಿ ಎಂಜಿನ್ ಕಾಯುತ್ತದೆ. ದೀಪ ಹತ್ತಿ ಮುಳ್ಳು ಏರಿದರೆ ನಿಲ್ಲಿಸಲೇಬೇಕು.

ಎಂಜಿನ್ ಓಡುತ್ತಿರುವಾಗ ಬೆಲ್ಟ್ ಹತ್ತಿರ ಕೈ ಬೇಡ. ಸೀರೆ ಸೆರಗು, ದುಪಟ್ಟಾ, ಪಂಚೆ, ಕತ್ತಿನ ಸರ, ಬಿಚ್ಚಿದ ಕೂದಲು ಬೆಲ್ಟಿಗೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ರೇಡಿಯೇಟರ್ ಫ್ಯಾನ್ ಎಂಜಿನ್ ಆಫ್ ಆದ ಮೇಲೂ ತಾನಾಗಿ ತಿರುಗಬಹುದು. ಅದು ದೋಷವಲ್ಲ, ಆದರೆ ಬೆರಳು ಹೋಗುತ್ತದೆ.

## ಎಂಜಿನ್ ಒಳಗಿನ ಬಡಿತ

ಇಲ್ಲಿ ಮೊದಲ ಪರೀಕ್ಷೆ ಡಿಪ್‌ಸ್ಟಿಕ್. ಸಮ ನೆಲದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಹಾಕಿ ಮತ್ತೆ ತೆಗೆಯಿರಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಕಡಿಮೆ ಇದ್ದರೆ ಕಾರಿನ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಆಯಿಲ್ ಸ್ವಲ್ಪ ಸ್ವಲ್ಪ ಹಾಕಿ. ಮೇಲಿನ ಗುರುತು ದಾಟಬಾರದು. ಎಣ್ಣೆ ಕಂದು ಬಣ್ಣ ಬಿಟ್ಟು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಕೂಲೆಂಟ್ ಸೇರಿದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರಿಕೆ ತಡೆಯುವ ಹಾಳೆ) ಕಡೆ ಅನುಮಾನ. ಸ್ಟಾರ್ಟ್ ಮಾಡಬೇಡಿ.

ಎಂಜಿನ್ ಮೇಲ್ಭಾಗದಿಂದ ಹಗುರವಾದ ಟಿಕ್ ಟಿಕ್ ಬಂದು ಕಾದ ಮೇಲೆ ಹೋದರೆ ಟ್ಯಾಪೆಟ್ (ವಾಲ್ವ್ ತೆರೆಸುವ ಭಾಗ) ಅಥವಾ ಎಣ್ಣೆ ಮೇಲೇರಲು ತಡ. ಎಣ್ಣೆ ಹಳೆಯದಾಗಿದ್ದರೆ ಸರ್ವಿಸ್ ಮಾಡಿಸಿ. ಇಂಜೆಕ್ಟರ್‌ಗಳೂ ಸಣ್ಣಗೆ ಟಿಕ್ ಟಿಕ್ ಅನ್ನುವುದುಂಟು, ಅದು ಸಹಜ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕೆಲವು ಸೆಕೆಂಡು ಸರಪಳಿ ಅಲ್ಲಾಡಿಸಿದ ಸದ್ದು ಬಂದರೆ ಟೈಮಿಂಗ್ ಚೈನ್ (ಪಿಸ್ಟನ್ ಲಯಕ್ಕೆ ತಕ್ಕಂತೆ ವಾಲ್ವ್ ತೆರೆದು ಮುಚ್ಚಿಸುವ ಸರಪಳಿ) ಮತ್ತು ಅದರ ಟೆನ್ಷನರ್ ನೋಡಿಸಿ. ನಮ್ಮಲ್ಲಿ ಬಹಳ ಓಡಿರುವ ಫಿಯೆಟ್ ಮೂಲದ 1.3 ಲೀಟರ್ ಡೀಸೆಲ್ ಎಂಜಿನ್‌ನಲ್ಲಿ ಇರುವುದು ಚೈನೇ. ಹಳೆಯ ಸ್ವಿಫ್ಟ್, ಡಿಸೈರ್ ಡೀಸೆಲ್ ಇಟ್ಟುಕೊಂಡವರು ಈ ಸದ್ದಿಗೆ ಕಿವಿ ಕೊಡಬೇಕು. ಚೈನ್ ಸದ್ದು ಮಾಡಿ ತಿಳಿಸುತ್ತದೆ. ಅದೇ ಕೆಲಸಕ್ಕೆ ಚೈನ್ ಬದಲು ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಹಾಗಲ್ಲ. ಬೆಲ್ಟ್ ಎಷ್ಟೋ ಸಲ ಸುಮ್ನೆ ಇದ್ದು ಒಂದು ದಿನ ತುಂಡಾಗುತ್ತದೆ, ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಹೊಡೆದು ವಾಲ್ವ್ ಬಾಗುತ್ತದೆ. ಅಲ್ಲಿ ಸದ್ದಿಗೆ ಕಾಯದೆ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೇ ಬದಲಿಸಿ. ನಿಮ್ಮ ಕಾರಿನಲ್ಲಿ ಚೈನೋ ಬೆಲ್ಟೋ ಅನ್ನುವುದನ್ನು ಇವತ್ತೇ ತಿಳಿದುಕೊಳ್ಳಿ.

ಐದು ಜನ, ಲಗೇಜು ತುಂಬಿಕೊಂಡು ಏರು ಹತ್ತುವಾಗ ಚಟಚಟ ಅನ್ನುವ ಲೋಹದ ಸದ್ದು ಬಂದರೆ ಮೊದಲು ಗೇರ್ ಇಳಿಸಿ. ಸದ್ದು ಹೋದರೆ ಎತ್ತರದ ಗೇರಿನಲ್ಲಿ ಎಂಜಿನನ್ನು ದುಡಿಸುತ್ತಿದ್ದಿರಿ ಅಷ್ಟೇ. ಗೇರ್ ಇಳಿಸಿದರೂ ಹೋಗದಿದ್ದರೆ ಇಂಧನ, ಇಂಗಾಲ ಕಟ್ಟಿರುವುದು ಅಥವಾ ಸೆನ್ಸರ್ ಕಾರಣ. ಹಾಗೇ ಬಿಟ್ಟರೆ ಪಿಸ್ಟನ್ ಹಾಳಾಗುತ್ತದೆ.

ಕೊನೆಯದು ಕೆಳಭಾಗದಿಂದ ಬರುವ ಆಳವಾದ ಬಡಿತ. ಆಕ್ಸಿಲೇಟರ್ ಕೊಟ್ಟಂತೆ ಜೋರಾಗುತ್ತದೆ, ಎಂಜಿನ್ ಕಾದ ಮೇಲೂ ಹೋಗುವುದಿಲ್ಲ. ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿರುವ ಲಕ್ಷಣ ಇದು. ಇನ್ನೊಂದಿಷ್ಟು ಓಡಿಸಿದರೆ ರಾಡ್ ಮುರಿದು ಎಂಜಿನ್ ಬ್ಲಾಕಿಗೇ ತೂತು ಬೀಳಬಹುದು. ನಿಧಾನವಾಗಿ ಓಡಿಸಿಕೊಂಡು ಬನ್ನಿ ಅಂತ ಯಾರಾದರೂ ಫೋನಿನಲ್ಲಿ ಹೇಳಿದರೂ ಬೇಡ. ಟೋಯಿಂಗ್ ಮಾತ್ರ.

## ಬುಸ್ ಅನ್ನುವ ಸದ್ದು

ಟೆಂಪರೇಚರ್ ಸರಿ ಇದ್ದು, ನಿಂತಾಗ ಉಸ್ ಅಂದು ಎಂಜಿನ್ ಏರಿಳಿಯುತ್ತಿದ್ದರೆ ಯಾವುದೋ ಗಾಳಿಯ ಪೈಪ್ ಬಿಟ್ಟುಕೊಂಡಿದೆ. ಟರ್ಬೋ ಡೀಸೆಲ್‌ನಲ್ಲಿ ಆಕ್ಸಿಲೇಟರ್ ಕೊಟ್ಟಾಗ ಉಸ್, ಎಳೆತ ಕಡಿಮೆ, ಕಪ್ಪು ಹೊಗೆ ಮೂರೂ ಇದ್ದರೆ ಇಂಟರ್‌ಕೂಲರ್ (ಟರ್ಬೋ ಎಂಜಿನ್ನಿಗೆ ಒತ್ತಿ ಕಳಿಸುವ ಗಾಳಿಯನ್ನು ತಣಿಸುವ ಭಾಗ) ಪೈಪಿನ ಕ್ಲಿಪ್ ನೋಡಿ. ಕ್ಲಿಪ್ ಬಿಗಿ ಮಾಡಿದರೆ ಸರಿಹೋಗುವ ತೊಂದರೆಗೆ ಟರ್ಬೋ ಬದಲಿಸುವ ಮಾತು ಬಂದರೆ ಇನ್ನೊಬ್ಬ ಮೆಕ್ಯಾನಿಕ್‌ಗೆ ತೋರಿಸಿ.

ಮುಳ್ಳು ಏರಿ ಹಬೆ ಬರುತ್ತಿದ್ದರೆ ಕೂಲೆಂಟ್ ಸೋರುತ್ತಿದೆ. ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿ ದಾಟಿಯೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾಯಿರಿ, ರೇಡಿಯೇಟರ್ ಪೈಪ್ ಕೈಗೆ ತಣ್ಣಗಾಗಲಿ, ಆಮೇಲೆ ದಪ್ಪ ಬಟ್ಟೆ ಹಾಕಿ ನಿಧಾನವಾಗಿ ತಿರುಗಿಸಿ. ಕಾದ ಎಂಜಿನ್‌ಗೆ ಒಮ್ಮೆಲೇ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

## ಸೈಲೆನ್ಸರ್ ಗಡಗಡ

ನಿಂತಾಗ ತಗಡು ನಡುಗುವ ಸಣ್ಣ ಸದ್ದು ಹೆಚ್ಚಾಗಿ ಶಾಖ ತಡೆಯುವ ತಗಡಿನ ಸಡಿಲ ಬೋಲ್ಟ್. ಕಾರಿನ ಸದ್ದೇ ಬದಲಾಗಿ ಗಡಗಡ ಅಂತ ದೊಡ್ಡದಾಗಿದ್ದರೆ ಸೈಲೆನ್ಸರ್ ತೂತಾಗಿದೆ. ಸೋರಿಕೆ ಎಂಜಿನ್ ಹತ್ತಿರ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರಿನಲ್ಲಿ ಕೂತವರಿಗೆ ತಲೆನೋವು, ವಾಕರಿಕೆ, ಮಂಪರು ಬಂದರೆ ಎಲ್ಲ ಕಿಟಕಿ ಇಳಿಸಿ, ನಿಲ್ಲಿಸಿ, ಹೊರಗೆ ಬನ್ನಿ. ಸರಿಮಾಡಿಸುವವರೆಗೆ ಮಕ್ಕಳನ್ನು ಕೂರಿಸಬೇಡಿ. ಎಂಜಿನ್, ಎಸಿ ಚಾಲೂ ಇಟ್ಟು ನಿಂತ ಕಾರಿನಲ್ಲಿ ಮಲಗುವುದನ್ನು ಯಾವತ್ತೂ ಮಾಡಬೇಡಿ.

## ಕ್ಲಚ್ ಮತ್ತು ಸೆಲ್ಫ್

ಕ್ಲಚ್ ಒತ್ತಿದಾಗ ಸದ್ದು ಬಂದು ಬಿಟ್ಟಾಗ ಹೋದರೆ ರಿಲೀಸ್ ಬೇರಿಂಗ್ (ಕ್ಲಚ್ಚನ್ನು ಬಿಡಿಸುವ ಬೇರಿಂಗ್). ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಬಂದು ಒತ್ತಿದಾಗ ಹೋದರೆ ಗೇರ್‌ಬಾಕ್ಸ್ ಬೇರಿಂಗ್. ಕೀ ತಿರುಗಿಸಿದಾಗ ಟಿಕ್ ಟಿಕ್ ಟಿಕ್ ಅಂತ ಬೇಗ ಬೇಗ ಬಂದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್‌ಗೆ ಬಿಳಿ ಪುಡಿ ಕಟ್ಟಿದೆ. ಒಂದೇ ಸಲ ಟಕ್ ಅಂದು ಸುಮ್ಮನಾದರೆ ಸೆಲ್ಫ್ ಮೋಟಾರ್ ಕಡೆ ನೋಡಿ.

## ನೀರಿಗೆ ಇಳಿದಾಗ ಎಂಜಿನ್ ನಿಂತರೆ

ಮಳೆಗಾಲದಲ್ಲಿ ಅಂಡರ್‌ಪಾಸ್ ನೀರಿನಲ್ಲಿ ಟಕ್ ಅಂದು ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಅದು ಗಾಳಿಯಂತೆ ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಎಲ್ಲರೂ ಕಾರಿನಿಂದ ಹೊರಗೆ ಬನ್ನಿ, ಕಾರು ಆಮೇಲೆ. ತಳ್ಳಿಸಿ ಒಣ ಜಾಗಕ್ಕೆ ತಂದು ಟೋಯಿಂಗ್ ಮಾಡಿಸಿ.

## ಗ್ಯಾರೇಜಿನಲ್ಲಿ ಹೇಳುವುದು ಹೇಗೆ

ಸದ್ದು ಬಂದಾಗ ಪಕ್ಕದಲ್ಲಿ ಕೂತವರಿಂದ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ. ವೇಗ, ಗೇರ್, ಎಂಜಿನ್ ಬಿಸಿಯೋ ತಣ್ಣಗೋ, ಯಾವ ಬದಿ, ಈಚೆಗೆ ಏನು ಕೆಲಸ ಮಾಡಿಸಿದ್ದಿರಿ ಅನ್ನುವುದನ್ನು ಬರೆದಿಡಿ. ಗ್ಯಾರೇಜಿಗೆ ಹೋದಾಗ "ಆಕ್ಸಲ್ ಬದಲಿಸಿ" ಅಂತ ಹೇಳಬೇಡಿ. "ಬಲಕ್ಕೆ ಪೂರ್ತಿ ತಿರುಗಿಸಿದಾಗ ಎಡಗಡೆ ಟಕಟಕ ಬರುತ್ತೆ" ಅಂತ ಹೇಳಿ. ನೀವು ಭಾಗದ ಹೆಸರು ಹೇಳಿದರೆ ಅದನ್ನೇ ಬದಲಿಸಿಬಿಡಬಹುದು, ಸದ್ದು ಹಾಗೇ ಉಳಿಯಬಹುದು. ಮೆಕ್ಯಾನಿಕನ್ನು ಕೂರಿಸಿಕೊಂಡು ಸದ್ದು ಬರುವ ಹಾಗೆ ಒಂದು ಸುತ್ತು ಓಡಿಸಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ನೋಡಿ. ಸವೆತ ಎಲ್ಲಿದೆ ತೋರಿಸಿ ಅಂದರೆ ಒಳ್ಳೆಯ ಮೆಕ್ಯಾನಿಕ್ ಖುಷಿಯಿಂದ ತೋರಿಸುತ್ತಾರೆ. ಕಾರು ವಾಪಸ್ ತೆಗೆದುಕೊಂಡಾಗ ಸದ್ದು ಬರುತ್ತಿದ್ದ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ರೇಡಿಯೋ ಹಾಕದೆ ಓಡಿಸಿ ನೋಡಿ. ಚಕ್ರ ಬಿಚ್ಚಿದ್ದರೆ ಮರುದಿನ ನಟ್ಟು ನೋಡಿ.